ಮಿಷನ್ ಗಂಗಮ್ಮನ ಮಣ್ಣು

ಓಂ ನಮಃ ಶಿವಾಯ

ಶಿರಾ ಗೇಟ್, ತುಮಕೂರು
17 ನವೆಂಬರ್ 2025
ಕಡೇ ಕಾರ್ತೀಕ ಸೋಮವಾರ

ನನ್ನ ಮಂಗಳಾಗೆ,

ನಿನ್ನ ಗೆಳತಿ ಉಮಾಮಹೇಶ್ವರಿಯ ಶರಣು. ಇಲ್ಲಿ ನಾವಿಬ್ಬರೂ ಶಿವನ ದಯೆಯಿಂದ ಸೌಖ್ಯ. ನಿನ್ನ ಮಂಡಿನೋವು ಈಗ ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯಾ, ಇಲ್ಲ ಇನ್ನೂ ಆ ಬಿಳಿ ಮಾತ್ರೆಯನ್ನೇ ನುಂಗುತ್ತಿದ್ದೀಯಾ? ಬೆಳಿಗ್ಗೆ ಪೂಜೆ ಮುಗಿಸಿ, ಹೊಸಿಲಿಗೆ ದೀಪ ಇಟ್ಟು, ಇವತ್ತು ಏನಾದರಾಗಲಿ ನಿನಗೆ ಬರೆದೇ ತೀರಬೇಕು ಅಂತ ಕೂತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಒಲೆಗೆ ಹಾಕುವ ಮುಂಚೆ ಒಂದು ಸಲ ಓದಿಯೇ ಓದುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತು.

ನೀನು ಕಳಿಸಿದ ಮೂಟೆ ದಸರಾ ಮುಗಿದ ವಾರವೇ ತಲುಪಿತು. ಕುಣಿಗಲ್ ಬಸ್ಸಿನ ಕಂಡಕ್ಟರು ಅದನ್ನು ನಮ್ಮ ಯಜಮಾನರ ಅಂಗಡಿ ಮುಂದೆ ಇಳಿಸಿ, ‘ಇದೇನ್ ರಾಗಿ ಸಾರ್, ಮೂಲೆ ಮೂಲೇಲಿ ಚುಚ್ತದೆ’ ಅಂದನಂತೆ. ಬಿಚ್ಚಿ ನೋಡಿದರೆ ನನ್ನ ಹದಿನಾಲ್ಕೂ ಪುಸ್ತಕ. ಪ್ರತಿಯೊಂದರ ಮೊದಲ ಪುಟದಲ್ಲೂ ‘ಮಂಗಳಾಗೆ, ಎಲ್ಲರಿಗಿಂತ ಮೊದಲು’ ಅಂತ ನಾನೇ ಬರೆದ ಅಕ್ಷರ. ಜೊತೆಯಲ್ಲಿ ಒಂದು ಚೀಟಿ ಇರಲಿಲ್ಲ. ಚೀಟಿ ಯಾಕೆ ಬೇಕು, ವಾಟ್ಸಾಪಿನಲ್ಲಿ ನೀನು ಹಾಕಿದ್ದನ್ನು ಗುಬ್ಬಿಯಿಂದ ಶಿರಾದವರೆಗೆ ಎಲ್ಲರೂ ಓದಿದ್ದರಲ್ಲ: ‘ಗಂಗಮ್ಮನ್ನ ಸುಟ್ಟೋಳ ಮನೇಲಿ ನಾನು ನೀರೂ ಮುಟ್ಟಲ್ಲ.’

ಇಷ್ಟು ದಿನ ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮಿಸು. ಕೈ ಬಿಡುವಿರಲಿಲ್ಲ ಅಂತ ಸುಳ್ಳು ಹೇಳಲಾರೆ. ಕೋಪ ಬಂದಿತ್ತು. ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ‘ಕಥೆ ಬರೆದವಳು ನಾನು, ನೀನಲ್ಲ’ ಅಂದೆ. ಆ ಮಾತು ಬಾಯಿಂದ ಹೊರಗೆ ಬಿದ್ದ ಕೂಡಲೇ ಇದನ್ನು ಹೇಳಬಾರದಿತ್ತು ಅನ್ನಿಸಿತು. ಅಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟಿದ್ದೆ. ಒಂದೇ ಬೆಂಚಿನಲ್ಲಿ ಕೂತು ಕಾಗುಣಿತ ಕಲಿತವರು ಐವತ್ತರ ವಯಸ್ಸಿನಲ್ಲಿ ಹೀಗೆ ಮೂತಿ ತಿರುಗಿಸಿಕೊಂಡು ಕೂತರೆ ನೋಡಿದವರು ನಗುತ್ತಾರೆ ಕಣೇ. ನಮ್ಮ ಯಜಮಾನರಂತೂ ನಗುತ್ತಲೇ ಇದ್ದಾರೆ.

ಮೊದಲಿಂದ ಹೇಳುತ್ತೇನೆ, ಏಕೆಂದರೆ ನೀನು ಕೇಳಿರುವುದೆಲ್ಲ ಬೇರೆಯವರ ಬಾಯಿಂದ. ವಾರಪತ್ರಿಕೆಗೆ ಮಿಷನ್ ಗಂಗಮ್ಮನ ಮೊದಲ ಕಥೆ ಕಳಿಸಿದಾಗ ಅದು ಇಷ್ಟು ದೂರ ಬರುತ್ತದೆ ಅಂತ ನಾನಾಗಲಿ ನೀನಾಗಲಿ ಅಂದುಕೊಂಡಿರಲಿಲ್ಲ. ಹಳ್ಳಿಯಲ್ಲಿ ರಾಗಿ ಮಿಷನ್ ನಡೆಸುವ ಒಬ್ಬ ವಿಧವೆ. ಹಿಟ್ಟಿಗೆ ಸರದಿ ಕಾಯುತ್ತ ಕೂತ ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಅವರ ರಾಗಿ ಹಿಟ್ಟಾಗುವಷ್ಟರಲ್ಲಿ ಗಂಗಮ್ಮ ಒಂದು ದಾರಿ ತೋರಿಸಿ ಕಳಿಸುತ್ತಾಳೆ. ಇಷ್ಟೇ ಕಥೆ. ಊರ್ಡಿಗೆರೆಯಲ್ಲಿ ನಮ್ಮವ್ವ ಮಾಡುತ್ತಿದ್ದುದೂ ಅದೇ. ಸ್ಕೂಲು ಬಿಟ್ಟ ಮೇಲೆ ನೀನು ಮಿಷನ್ ಮನೆಗೆ ಬಂದು, ತಲೆಯೆಲ್ಲ ಹಿಟ್ಟು ಮಾಡಿಕೊಂಡು, ಅವ್ವ ಕೊಟ್ಟ ಬೆಲ್ಲ ತಿಂದವಳು. ಆದ್ದರಿಂದ ನಿನಗೆ ಗೊತ್ತು. ಉಳಿದ ಓದುಗರಿಗೆ ಅದು ಗೊತ್ತಿಲ್ಲ. ಅವರಿಗೆ ಗಂಗಮ್ಮ ಅಂದರೆ ಗಂಗಮ್ಮ.

ಹೋದ ವರ್ಷ ಡೈರೆಕ್ಟರ್ ಅಂಜನ್‌ಕುಮಾರ್ ನಮ್ಮನ್ನು ಹುಡುಕಿಕೊಂಡು ಬಂದ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹುಡುಗ, ಗಡ್ಡ ಬಿಟ್ಟಿದ್ದಾನೆ, ಆದರೆ ಒಳ್ಳೆಯವನು. ನಮ್ಮ ಮೋಟರ್ ರಿವೈಂಡಿಂಗ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ‘ಮೇಡಂ, ನಮ್ಮಮ್ಮ ನಿಮ್ಮ ಪುಸ್ತಕಾನ ದಿಂಬಿನ ಕೆಳಗಿಟ್ಕೊಂಡು ಮಲಗ್ತಾರೆ. ಇದನ್ನ ಮೊಬೈಲಿಗೆ ಸೀರಿಯಲ್ ಮಾಡ್ತೀನಿ, ಒಪ್ಕೊಳ್ಳಿ’ ಅಂದ. ನಮ್ಮ ಯಜಮಾನರು ಕೇಳಿದ್ದು ಒಂದೇ: ‘ಮಿಷನ್ನಿಗೆ ಎಷ್ಟ್ ಎಚ್‌ಪಿ ಮೋಟರಪ್ಪ ಹಾಕ್ತೀರ?’

ಶುಕ್ರವಾರಕ್ಕೊಂದು ಕಂತು. ಮೊದಲ ಶುಕ್ರವಾರ ಎಲ್ಲರಿಗೂ ಹಬ್ಬ. ಎರಡನೇ ವಾರದಿಂದ ದೂರು. ಗಂಗಮ್ಮನ ವಿಭೂತಿ ಸ್ಕೇಲಿಟ್ಟು ಎಳೆದ ಹಾಗಿದೆ, ಬೆರಳಲ್ಲಿ ಧರಿಸಿದ್ದಲ್ಲ. ಮಿಷನ್ ಮುಂದೆ ಅಷ್ಟು ಹೊತ್ತು ನಿಂತರೂ ರೆಪ್ಪೆ ಮೇಲೆ ಹಿಟ್ಟಿಲ್ಲ. ಮೂರನೇ ವಾರ ಗಂಗಮ್ಮ ಲಿಂಗಪೂಜೆಗೆ ಮುಂಚೆ ಕಾಫಿ ಕುಡಿದುಬಿಟ್ಟಳು. ಅದೊಂದಕ್ಕೇ ಅಂಗಡಿ ಫೋನು ದಿನವಿಡೀ ಹೊಡೆದುಕೊಂಡಿತು. ಯಜಮಾನರು ಪಂಪ್‌ಸೆಟ್ಟಿನ ದೂರು ತೆಗೆದುಕೊಳ್ಳುವ ರೂಢಿಯಲ್ಲೇ, ‘ಯಾವತ್ತಿಂದ ಹಿಂಗಾಗ್ತಾ ಇದೆ? ಮೊದ್ಲು ಸರಿಯಾಗಿತ್ತಾ?’ ಅಂತ ವಿಚಾರಿಸುತ್ತಿದ್ದರು. ನಾನು ಅಂಜನ್‌ಗೆ ಹೇಳಿದೆ. ಅವನು ಕಾಫಿ ತೆಗೆಸಿದ, ವಿಭೂತಿ ಸರಿ ಮಾಡಿಸಿದ. ‘ಅವ್ರು ಹೇಳಿದ್ದೆಲ್ಲಾ ಮಾಡ್ತಾ ಹೋದ್ರೆ ಮೇಡಂ, ನಮ್ ಸೀರಿಯಲ್ಲಲ್ಲಿ ಎಲ್ರೂ ಬರೀ ಪೂಜೆ ಮಾಡ್ಕೊಂಡ್ ಕೂತಿರ್ತಾರೆ, ರಾಗಿ ಬೀಸೋರೇ ಇರಲ್ಲ’ ಅಂತ ನಕ್ಕ. ನಾನೂ ನಕ್ಕೆ. ಆಗ ಎಲ್ಲ ಸಲೀಸಾಗಿತ್ತು.

ಆಮೇಲೆ ಕಡೇ ಕಂತು ಬಂತು. ಪುಸ್ತಕದಲ್ಲಿ ಗಂಗಮ್ಮ ಇನ್ನೂ ಬದುಕಿದ್ದಾಳೆ. ಸೀರಿಯಲ್ಲಿಗೆ ಒಂದು ಕೊನೆ ಬೇಕಲ್ಲ, ಅಲ್ಲಿ ಅವಳು ಲಿಂಗೈಕ್ಯಳಾದಳು. ಸತ್ತದ್ದಕ್ಕೆ ಯಾರೂ ಜಗಳ ತೆಗೆಯಲಿಲ್ಲ. ಆದರೆ ನಮ್ಮ ಲಿಂಗವಂತರ ಹಾಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುವುದು ಬಿಟ್ಟು, ಗಂಗಮ್ಮನನ್ನು ಸೌದೆ ಮೇಲೆ ಮಲಗಿಸಿ ಬೆಂಕಿ ಇಟ್ಟಿದ್ದರು. ಹೊಗೆ ಎದ್ದು, ಮಿಷನ್ ಮನೆ ಮೇಲೆ ಹರಡಿ, ಅಲ್ಲಿಗೆ ಮುಗಿಯಿತು. ಮುಂದಿನದು ನಿನಗೆ ಗೊತ್ತೇ ಇದೆ. ಅಂಜನ್ ಗಡ್ಡಕ್ಕೇ ಬೆಂಕಿ ಇಡಬೇಕು ಅಂತ ಒಬ್ಬರು ಬರೆದರು. ಶಿರಾದ ಒಬ್ಬಾಕೆ ಎರಡು ಹೊತ್ತು ಊಟ ಬಿಟ್ಟರು. ಗೂಳೂರು ಗಣಪತಿ ನೋಡಲು ಹೋದರೆ ಸಾಲಿನಲ್ಲಿ ನಿಂತವರು ನನ್ನ ಗುರುತು ಹಿಡಿದು, ‘ಇವ್ರೇ ಕಣ್ರೀ’ ಅಂತ ಪಿಸುಗುಟ್ಟಿದರು. ದೇವರ ಮುಂದೆ ನಾನೇ ಕಳ್ಳಿಯ ಹಾಗೆ ತಲೆ ತಗ್ಗಿಸಿದೆ.

ಹೀಗಿರುವಾಗ ಗುಬ್ಬಿಯಿಂದ ನಿಂಗಮ್ಮ ಫೋನ್ ಮಾಡಿದರು. ಅಲ್ಲಿಯ ಅಕ್ಕನ ಬಳಗದ ಹೆಂಗಸರು ಸೋಮವಾರ ಮಧ್ಯಾಹ್ನ ಅವರ ಹಜಾರದಲ್ಲಿ ಸೇರಿ, ಭಜನೆ ಆದ ಮೇಲೆ ನನ್ನ ಪುಸ್ತಕ ಓದಿಸುತ್ತಾರೆ ಅಂತ ನಿನಗೆ ಹೇಳಿದ್ದೆನಲ್ಲ. ಎಂಬತ್ತರ ಹತ್ತಿರದ ಮುದುಕಿ, ದನಿ ಮಾತ್ರ ಇನ್ನೂ ಹೊಲದಾಚೆಗೆ ಕೇಳುವಂಥದ್ದು. ‘ಉಮಾ, ಬರೋ ಸೋಮಾರ ಬಾ. ಆ ಗಡ್ಡದ ಮಗನ್ನೂ ಕರ್ಕಂಡ್ ಬಾ. ಹೊಡೆಯಲ್ಲ ಅಂತ ಹೇಳು’ ಅಂದರು. ನಿನಗೂ ಹೇಳಿಕಳಿಸಿದ್ದರಂತೆ. ನೀನು ಮಂಡಿನೋವು ಅಂದೆಯಂತೆ. ಅದಕ್ಕೇ ಅಲ್ಲಿ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾವು ಹೋದಾಗ ಹಜಾರ ತುಂಬ ಹೆಂಗಸರು. ಅಂಜನ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಎಲ್ಲರಿಗೂ ಸೇರಿಸಿ ಒಂದು ದೊಡ್ಡ ನಮಸ್ಕಾರ ಹಾಕಿದ.

‘ನಿಮ್ಮವ್ವ ಬರ್ಲಿಲ್ವಾ ಮಗ?’ ಅಂತ ನಿಂಗಮ್ಮ ಶುರು ಮಾಡಿದರು.

‘ಇಲ್ಲ ಅಜ್ಜಿ. ಅಮ್ಮ ನನ್ ಜೊತೆ ಮಾತು ಬಿಟ್ಟಿದಾರೆ.’

‘ಯಾಕಂತೆ?’

‘ಇದಕ್ಕೇ.’

‘ನೋಡ್ರೇ, ಹೆತ್ತೋಳೇ ನಮ್ ಪಾರ್ಟಿ’ ಅಂತ ನಿಂಗಮ್ಮ ಎಲ್ಲರ ಕಡೆ ತಿರುಗಿದರು. ಹಜಾರವೆಲ್ಲ ನಗು. ‘ಕಾಫಿ ಕುಡೀತಿಯಾ? ಪೂಜೆ ಆಗೈತಾ, ಇಲ್ಲ ಹಂಗೇ ಕುಡೀತಿಯಾ?’

ಪಾಪ, ಅವನು ಲೋಟ ತೆಗೆದುಕೊಳ್ಳಲೂ ಆಗದೆ ಬಿಡಲೂ ಆಗದೆ ನನ್ನ ಮುಖ ನೋಡಿದ. ಆಮೇಲೆ ಮಾತು ಬಿಸಿಯಾಯಿತು. ಒಬ್ಬರು, ನಮ್ಮ ಆಚಾರ ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು ಅಂದರು. ಇನ್ನೊಬ್ಬರು, ಬೆಂಕಿ ಆದರೆ ಚೆನ್ನಾಗಿ ಕಾಣುತ್ತದೆ ಅಂತ ಹಾಕಿದ್ದಾರೆ, ನಮ್ಮ ಸಾವು ಇವರಿಗೆ ಕಲರ್ ಕಾಣಬೇಕು ಅಂದರು. ಅಂಜನ್ ಎಲ್ಲದಕ್ಕೂ ‘ತಪ್ಪಾಯ್ತು’ ಅನ್ನುತ್ತಿದ್ದ. ನನಗೆ ಕೂರಲಾಗಲಿಲ್ಲ. ಕಥೆ ಬರೆದವಳು ನಾನು, ಒಪ್ಪಿದವಳೂ ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಅಂದೆ.

‘ಬೈತೀವಿ ತಡಿ, ನಿನ್ ಸರದೀನೂ ಬರ್ತದೆ’ ಅಂದರು ನಿಂಗಮ್ಮ. ‘ನೀನು ಹೆತ್ತೆ, ಇಲ್ಲ ಅನ್ನಲ್ಲ. ನಮ್ಗೆ ಕೊಟ್ಟೋಳೂ ನೀನೇ. ಕೊಟ್ಟ್ ಮೇಲೆ ಇಷ್ಟ್ ವರ್ಷ ಸೋಮಾರ ಸೋಮಾರ ಗಂಗಮ್ಮ ನಮ್ ಜೊತೇಲಿ ಇಲ್ಲೇ ಕೂತಿದ್ಲು. ನನ್ ಸೊಸೆ ತೌರಿಗೆ ಹೋಗಿ ಕೂತಾಗ ಅವ್ಳು ಹೇಳ್ದಂಗೆ ಮಾಡಿ ಕರ್ಕಂಡ್ ಬಂದೆ. ಕೊಟ್ಟ ಮನೇರ್ಗೆ ಒಂದ್ ಮಾತು ತಿಳಿಸ್ದೆ ಯಾರಾನ ಹೆಣ ಎತ್ತುತಾರೇನವ್ವ?’

ಮಂಗಳಾ, ಇಷ್ಟು ದಿನ ಬೈಗುಳವೆಲ್ಲ ನನ್ನ ಬರವಣಿಗೆಗೆ ಬಿದ್ದ ಏಟು ಅಂತ ತಿಳಿದಿದ್ದೆ. ಅವರು ಬೈಯುತ್ತಿದ್ದುದು ಮನೆಯವರನ್ನು ಕಳೆದುಕೊಂಡವರು ಬೈಯುವ ಹಾಗೆ. ನಿನ್ನ ಮೂಟೆಯೂ ಆಗ ನೆನಪಾಯಿತು.

ಅಂಜನ್ ಲೋಟ ಕೆಳಗಿಟ್ಟು, ‘ಕೂರಿಸಿ ಮಣ್ಣು ಮಾಡೋದನ್ನ ನಾನು ನೋಡೇ ಇಲ್ಲ ಅಜ್ಜಿ. ನೀವು ತೋರ್ಸಿಕೊಡಿ. ಆ ಭಾಗ ಮತ್ತೆ ಶೂಟ್ ಮಾಡಿ ಹಾಕ್ತೀನಿ’ ಅಂದ.

ಆಮೇಲೆ ಎಲ್ಲರೂ ಒಟ್ಟಿಗೇ ಶುರು ಮಾಡಿದರು. ಹೀಗೆ ಕಾಲು ಮಡಿಸಬೇಕು, ಹೀಗೆ ಬೆನ್ನಿಗೆ ಹಲಗೆ ಕೊಡಬೇಕು, ವಿಭೂತಿ ಇಲ್ಲಿ, ಬಿಲ್ವಪತ್ರೆ ಅಲ್ಲಿ. ಬಾಯಲ್ಲಿ ಹೇಳಿದರೆ ಅವನಿಗೆ ತಿಳಿಯುವುದಿಲ್ಲ ಅಂತ ಪಂಚಾಯ್ತಿ ಆಫೀಸಿನಲ್ಲಿ ಕೆಲಸ ಮಾಡುವ ಕಾವ್ಯ ಅನ್ನುವ ಹುಡುಗಿಯನ್ನು ಎಳೆದು ಕುರ್ಚಿಯಲ್ಲಿ ಕೂರಿಸಿದರು.

‘ನನ್ನೇ ಯಾಕ್ರಕ್ಕ ಸಾಯಿಸ್ತೀರ, ನಂಗಿನ್ನೂ ಪ್ರಮೋಷನ್ನೇ ಬಂದಿಲ್ಲ’ ಅಂತ ಅವಳು.

‘ಸುಮ್ನೆ ಕೂರೇ, ಕತ್ತು ಅಲ್ಲಾಡಿಸ್ಬೇಡ’ ಅಂತ ಇವರು. ಅಂಜನ್ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಅಷ್ಟರಲ್ಲಿ ಅವನ ಕಾಫಿ ಆರಿಹೋಗಿತ್ತು. ಯಾರೋ ಬಿಸಿ ಮಾಡಿಕೊಟ್ಟರು. ಪೂಜೆ ಆಗಿದೆಯಾ ಅಂತ ಈ ಸಲ ಯಾರೂ ಕೇಳಲಿಲ್ಲ.

ಹೋದ ಗುರುವಾರ ಶೂಟಿಂಗ್. ಜಾಗ ನಿಂಗಮ್ಮನ ಹೊಲ. ರಾಗಿ ಕುಯ್ಲಾಗಿದ್ದ ಒಂದು ತುಂಡು, ಬದುವಿನಲ್ಲಿ ಹೊಂಗೆ ಮರ. ಅವರ ಮಗನಿಗೆ ಮನಸ್ಸಿರಲಿಲ್ಲ. ‘ಬದುಕಿರೋರಿಗೆ ನಮ್ ಹೊಲ್ದಲ್ಲಿ ಗುಂಡಿ ತೋಡ್ಸೋದು ಯಾವ್ ನ್ಯಾಯನವ್ವ’ ಅಂತ ಗೊಣಗಿದ. ‘ನಂದೇ ಒಂದಿನ ತೋಡ್ಬೇಕಲ್ಲ, ಕೈ ಪಳಗ್ಲಿ ಬುಡು’ ಅಂತ ಮುದುಕಿ ಅವನ ಬಾಯಿ ಮುಚ್ಚಿಸಿದರು.

ಗಂಗಮ್ಮನ ಪಾರ್ಟು ಮಾಡುವ ಕೃತಿಕಾಗೆ ಇನ್ನೂ ಮೂವತ್ತೈದೂ ಆಗಿಲ್ಲ. ಮುಖಕ್ಕೆ ಸುಕ್ಕು ಅಂಟಿಸಿ, ಕೂದಲಿಗೆ ಬಿಳಿ ಹಚ್ಚಿ ತಯಾರಾಗಿ ಬಂದರೆ, ಹೆಂಗಸರು ಅವಳನ್ನು ಸುತ್ತಿಕೊಂಡರು. ಸೀರೆ ನೆರಿಗೆ ಸರಿ ಮಾಡಿದವರೊಬ್ಬರು, ದೃಷ್ಟಿ ತೆಗೆದವರೊಬ್ಬರು. ಮೇಕಪ್ಪಿನವನು ವಿಭೂತಿಗೆ ಬಣ್ಣದ ಡಬ್ಬಿ ತೆಗೆದಾಗ ನಿಂಗಮ್ಮ ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿ, ತಾವೇ ಮೂರು ಬೆರಳಲ್ಲಿ ಅವಳಿಗೆ ಹಚ್ಚಿದರು. ಲಿಂಗಕ್ಕೆಂದು ಶೂಟಿಂಗಿನವರು ಪ್ಲಾಸ್ಟಿಕ್ಕಿನದೊಂದು ತಂದಿದ್ದರು. ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ‘ಇದೇನ್ ಗೋಲಿಯಾ?’ ಅಂದರು. ಪ್ಲಾಸ್ಟಿಕ್ಕಿನದು ಬೇಡ, ನಿಜವಾದದ್ದನ್ನು ಆಟಕ್ಕೆ ಕೊಡಲಾಗದು. ಕೊನೆಗೆ ಮಂತ್ರ ಹೇಳಲು ಬಂದಿದ್ದ ಶಿವಮೂರ್ತಿ ಐನೋರೇ, ಅಂಗೈ ತುಂಬ ಬಿಲ್ವಪತ್ರೆ ಇಡಿ, ಒಳಗೇನಿದೆ ಅಂತ ಕ್ಯಾಮೆರಾ ಕೆದಕಿ ನೋಡುವುದಿಲ್ಲ ಅಂತ ತೀರ್ಮಾನ ಹೇಳಿದರು.

ಐನೋರದು ಇನ್ನೊಂದು ತಕರಾರು. ಸುಳ್ಳು ಸಾವಿಗೆ ಮಂತ್ರ ಹೇಳುವುದು ಹೇಗೆ ಅಂತ. ಬರೀ ತುಟಿ ಆಡಿಸಿ ಸಾಕು ಅಂತ ಅಂಜನ್ ಅಂದ. ಅವರು ರುದ್ರಾಕ್ಷಿ ಎಣಿಸುತ್ತಲೇ, ‘ಹೇಳೇಬಿಡ್ತೀನಿ ಬುಡಪ್ಪ. ಮಂತ್ರ ಪೋಲಾಗಲ್ಲ, ಯಾರಿಗೋ ಒಬ್ರಿಗೆ ಮುಟ್ತದೆ’ ಅಂದರು.

ಬಾಳೆದಿಂಡು ಚೆಂಡುಹೂವಿನಿಂದ ಹೆಣ ಹೊರುವ ವಿಮಾನ ಕಟ್ಟಿ, ಮೀಯಿಸಿದ ಶಾಸ್ತ್ರಕ್ಕೆ ನೀರು ಚಿಮುಕಿಸಿ ಕೃತಿಕಾಳನ್ನು ಅದರಲ್ಲಿ ಕೂರಿಸಿ ಹೊತ್ತರು. ಮುಂದೆ ಬಳಗದವರ ಭಜನೆ. ಬೆಳಿಗ್ಗೆ ಚಿತ್ರಾನ್ನ ಚೆನ್ನಾಗಿ ಹೊಡೆದಿದ್ದಳು ಅನ್ನಿಸುತ್ತದೆ, ತೂಗಾಟಕ್ಕೆ ಹುಡುಗಿಗೆ ನಿಜವಾಗಲೂ ನಿದ್ದೆ ಹತ್ತಿತು. ಅಂಜನ್‌ಗೆ ಪರಮ ಸಂತೋಷ, ಎಷ್ಟು ಚೆನ್ನಾಗಿ ಮಾಡ್ತಿದಾರೆ ನೋಡಿ ಮೇಡಂ ಅಂತ. ದಾರಿಯ ಅರ್ಧದಲ್ಲಿ ಅವಳು ಗೊರಕೆ ಹೊಡೆದಳು. ಹೊತ್ತವರ ಹೆಗಲು ನಗುವಿಗೆ ಕುಲುಕಿ, ವಿಮಾನ ವಾಲಿ, ಗಂಗಮ್ಮ ಎಚ್ಚರವಾಗಿ ‘ಅಯ್ಯೋ ಬೀಳ್ತೀನಿ’ ಅಂದಳು.

‘ಲಿಂಗೈಕ್ಯ ಆದ್ಮೇಲೆ ಮಾತಾಡ್ಬಾರ್ದು ಕಣವ್ವ’ ಅಂದರು ನಿಂಗಮ್ಮ. ಮತ್ತೆ ಮೊದಲಿಂದ ಹೊತ್ತರು.

ಎರಡನೇ ಸಲ ಯಾರೂ ನಗಲಿಲ್ಲ. ಗುಂಡಿಯ ಒಳಗೆ ಗೋಡೆಗೆ ಒರಗಿಸಿ ಕೂರಿಸಿ, ಐನೋರು ಮಂತ್ರ ಶುರು ಮಾಡಿದ ಮೇಲೆ, ಮೊದಲು ಅತ್ತದ್ದು ಕಾವ್ಯ. ಅವಳ ಹಿಂದೆ ಎಲ್ಲರೂ. ಅಂಜನ್ ಕಟ್ ಹೇಳುವುದನ್ನೇ ಮರೆತ. ಕ್ಯಾಮೆರಾದವನು ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದ್ದರಿಂದ ಆ ಚಿತ್ರ ಒಂದಿಷ್ಟು ಅಲುಗಿದೆಯಂತೆ. ಇರಲಿ, ಹಾಗೇ ಇಡುತ್ತೇನೆ ಅಂತ ಅಂಜನ್ ಅಂದಿದ್ದಾನೆ. ಆಮೇಲೆ ಕೃತಿಕಾಳನ್ನು ಮೇಲಕ್ಕೆ ಎಳೆದುಕೊಂಡರು. ತೋಡಿದ ಗುಂಡಿಯನ್ನು ಬರಿದಾಗಿ ಮುಚ್ಚಬಾರದು ಅಂತ ನಿಂಗಮ್ಮ ಹಟ ಮಾಡಿದ್ದರಿಂದ, ಒಂದು ವಿಭೂತಿ ಗಟ್ಟಿ, ಪತ್ರೆ, ಹೂವು ಹಾಕಿ ಮುಚ್ಚಿದ್ದಾಯಿತು.

ಇಷ್ಟಕ್ಕೆ ಮುಗಿಯಲಿಲ್ಲ. ಹೊಸ ಅವರೆಕಾಳಿನ ಸಾರು, ಮುದ್ದೆ ತಯಾರಿತ್ತು. ಶೂಟಿಂಗಿನ ಹುಡುಗರೆಲ್ಲ ತಟ್ಟೆ ಹಿಡಿದು ಸಾಲು ನಿಂತರೆ, ನಿಂಗಮ್ಮ ಸೌಟು ಅಡ್ಡ ಹಿಡಿದುಬಿಟ್ಟರು. ಮಣ್ಣಿಗೆ ಹೋಗಿ ಬಂದವರು ಸ್ನಾನ ಮಾಡದೆ ಹೊಸಿಲು ದಾಟುವ ಹಾಗಿಲ್ಲ.

‘ಅಜ್ಜಿ, ಅದು ಶೂಟಿಂಗು’ ಅಂದ ಒಬ್ಬ.

‘ಶೂಟಿಂಗಾದ್ರೆ ನೀನ್ಯಾಕ್ ಅತ್ತೆ?’

ಅಷ್ಟೇ. ಬೋರ್‌ವೆಲ್ ಮೋಟರ್ ಹಾಕಿಸಿ, ಕ್ಯಾಮೆರಾದವರು, ಲೈಟಿನವರು, ಡ್ರೈವರುಗಳು, ಎಲ್ಲರೂ ಪೈಪಿನ ಕೆಳಗೆ ನಿಂತರು. ಪ್ಯಾಂಟು ಒದ್ದೆ, ಬದಲಿಸಲು ಬಟ್ಟೆ ಇಲ್ಲ. ನಿಂಗಮ್ಮನ ಮಗನ ಪಂಚೆಗಳೆಲ್ಲ ಹೊರಗೆ ಬಂದವು, ಸಾಲದೆ ಪಕ್ಕದ ಮನೆಯವರದೂ ಬಂದವು. ಜೊತೆಗೆ ಬಂದಿದ್ದ ನಮ್ಮ ಯಜಮಾನರು ನೀರಿನ ಒತ್ತಡ ನೋಡಿ, ಮೋಟರಿಗೆ ಕಾಯಿಲ್ ಹೋಗುವ ಕಾಲ ಬಂದಿದೆ ಅಂತ ಅಲ್ಲೇ ಒಂದು ಗಿರಾಕಿ ಹಿಡಿದರು. ಕೃತಿಕಾ ಬಂದು, ‘ನಾನೂ ಮಾಡ್ಬೇಕಾ ಅಜ್ಜಿ?’ ಅಂದಳು. ಅದು ಯಾರಿಗೂ ಹೊಳೆದಿರಲಿಲ್ಲ. ಸತ್ತವರೇ ಬಂದು ಊಟಕ್ಕೆ ಕೂತರೆ ಏನು ಮಾಡಬೇಕು? ಹೆಂಗಸರು ಸೇರಿ ಚರ್ಚೆ ಮಾಡಿ, ‘ನಿನ್ನ ಮೊದ್ಲೇ ಮೀಯಿಸಿ ಕೂರ್ಸಿದ್ವಲ್ಲವ್ವ, ನೀನು ಉಣ್ಣು’ ಅಂತ ಎಲ್ಲರಿಗಿಂತ ಮೊದಲು ಅವಳಿಗೇ ಬಡಿಸಿದರು. ಪಂಚೆ ಉಟ್ಟ ಅಂಜನ್ ಫೋಟೋ ಯಾರೋ ಅವನ ತಾಯಿಗೆ ಕಳಿಸಿದ್ದರಂತೆ. ಊಟದ ಮಧ್ಯೆ ಅವರ ಫೋನು ಬಂತು. ‘ಹೂಂ ಅಮ್ಮ, ಉಂಡೆ. ಮುದ್ದೆ’ ಅಂದ. ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತಂತೆ.

ಹೊಸ ಕೊನೆ ಬರುವ ತಿಂಗಳು ಹಾಕುತ್ತಾರೆ. ಸುದ್ದಿ ಹಬ್ಬಿ ಇದಕ್ಕೂ ಆಗಲೇ ದೂರು ಬಂದಿದೆ ನೋಡು. ಮೊನ್ನೆ ಒಬ್ಬಾಕೆ ಫೋನ್ ಮಾಡಿ, ‘ಬೆಂಕಿ ಇಟ್ಟಾಗ್ಲೇ ಅತ್ತು ಮುಗ್ಸಿದೀನಿ, ಇನ್ನೊಂದ್ಸಲ ಅಳ್ಬೇಕಾ?’ ಅಂತ ಜೋರು ಮಾಡಿದರು. ಯಜಮಾನರು, ‘ಗ್ಯಾರಂಟಿ ಪೀರಿಯಡ್ಡಲ್ಲಿ ರಿಪೇರಿ ಮಾಡ್ಕೊಟ್ಟಿದೀವಮ್ಮ’ ಅಂತ ಸಮಾಧಾನ ಹೇಳಿದರು.

ಅವತ್ತು ನೀನು ಅಲ್ಲಿ ಇರಬೇಕಿತ್ತು. ನಿಂಗಮ್ಮ ಎರಡು ಸಲ ಕೇಳಿದರು, ‘ನಿನ್ ಜೊತೆಗಾತಿ ಕುಣಿಗಲ್ಲೋಳು ಬರ್ಲಿಲ್ವಾ’ ಅಂತ. ನನಗೆ ಸೀರಿಯಲ್ಲಿನವರು ಬೇಕಾಗಿಲ್ಲ, ಹೊಸ ಪುಸ್ತಕವೂ ಸದ್ಯಕ್ಕೆ ಬೇಕಾಗಿಲ್ಲ. ನೀನು ನಮ್ಮ ಮನೆಗೆ ಬಂದು ಒಂದು ಲೋಟ ನೀರು ಕುಡಿದರೆ ಸಾಕು. ಪುಸ್ತಕದ ಮೂಟೆಯನ್ನು ನಾಳೆ ಅದೇ ಕಂಡಕ್ಟರ್ ಕೈಯಲ್ಲಿ ವಾಪಸು ಕಳಿಸುತ್ತಿದ್ದೇನೆ. ಅವನು ಏನಂದುಕೊಳ್ಳುತ್ತಾನೋ ಗೊತ್ತಿಲ್ಲ. ಮತ್ತೆ ನನ್ನ ಹತ್ತಿರ ಕಳಿಸಬೇಡ, ಆ ಹುಡುಗನ ಸೊಂಟ ಹಿಡಿದೀತು.

ಮಗಳು ಅನುಪಮಾಗೆ ದಿನ ತುಂಬುತ್ತಿವೆಯಲ್ಲ, ಹೆರಿಗೆ ಹೂವೆತ್ತಿದಷ್ಟು ಹಗುರವಾಗಲಿ. ಪರಶಿವ ತಾಯಿ ಮಗುವನ್ನು ಕಾಯಲಿ. ನಿನ್ನ ಯಜಮಾನರಿಗೆ ನಮ್ಮಿಬ್ಬರ ಶರಣು ಹೇಳು. ನಿನ್ನ ಮಂಡಿಗೂ, ನಿನ್ನ ಕೋಪಕ್ಕೂ ಬೇಗ ವಾಸಿಯಾಗಲಿ ಅಂತ ಇವತ್ತಿನ ದೀಪದ ಮುಂದೆ ಬೇಡಿಕೊಂಡಿದ್ದೇನೆ.

ಎಂದಿಗೂ ನಿನ್ನವಳೇ,
ಉಮಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬೆಂಕಿ ಇಡಿಸಿದ್ದು ಅಂಜನ್ ಅಲ್ಲ ಮಂಗಳಾ, ನಾನು. ಗಂಗಮ್ಮನ ಸಂಸ್ಕಾರ ಹೇಗೆ ತೋರಿಸಲಿ ಅಂತ ಅವನು ಕೇಳಿಯೇ ಕೇಳಿದ್ದ. ಬೆಂಕಿ ಅಂದೆ. ಯಾಕೆ ಅಂತ ಅವನಿಗೆ ಒಬ್ಬನಿಗೇ ಹೇಳಿದ್ದೆ. ಅದಕ್ಕೇ ಆ ಹುಡುಗ ಎಲ್ಲರ ಬೈಗುಳ ತಿಂದೂ ಬಾಯಿ ಬಿಡಲಿಲ್ಲ.

ಕೊರೊನಾದ ಎರಡನೇ ವರ್ಷ ನಮ್ಮವ್ವ ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಗ ಹೋದಳಲ್ಲ, ಆಗ ನಿನಗೆ ಊರ್ಡಿಗೆರೆಯಲ್ಲೇ ಅಪ್ಪನ ಪಕ್ಕ ಮಣ್ಣು ಮಾಡಿದೆವು, ಮನೆಯವರಷ್ಟೇ ಇದ್ದೆವು ಅಂದಿದ್ದೆ. ನಾವು ಯಾರೂ ಇರಲಿಲ್ಲ. ಆಸ್ಪತ್ರೆಯಿಂದ ನೇರ ಚಿತಾಗಾರಕ್ಕೆ ಕೊಂಡುಹೋದರು. ತಮ್ಮ ಗುರುಪ್ರಕಾಶ್ ಗೇಟಿನ ಹೊರಗೆ ನಿಂತು ಫೋನಿನಲ್ಲಿ ತೋರಿಸಿದ. ನಾನು ಇಲ್ಲಿ ಅಡಿಗೆಮನೆಯಲ್ಲಿ ನಿಂತು ನೋಡಿದೆ. ಕಂಡದ್ದು ಹೊಗೆ ಮಾತ್ರ. ಕೈಯಲ್ಲಿ ಲಿಂಗವಿಟ್ಟುಕೊಂಡು ಹೋಗಬೇಕಿದ್ದವಳ ಲಿಂಗ, ಅವಳ ಓಲೆಯ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ನಮ್ಮ ಮನೆಗೆ ಬಂತು. ಅಂದಿನಿಂದ ನನ್ನ ಲಿಂಗದ ಜೊತೆ ಅದಕ್ಕೂ ಪೂಜೆ ಮಾಡಿಕೊಂಡು ಬಂದಿದ್ದೇನೆ. ನಮ್ಮವ್ವನಿಗೆ ಸಿಗದ ಮಣ್ಣು ನಾನು ಬರೆದ ಗಂಗಮ್ಮನಿಗೆ ಸಿಗುವುದನ್ನು ನೋಡಲು ನನ್ನ ಕೈಲಿ ಆಗುತ್ತಿರಲಿಲ್ಲ ಕಣೇ. ಗಂಗಮ್ಮನನ್ನು ಸುಟ್ಟವರು ಯಾರು ಅಂತ ನೀವೆಲ್ಲ ಕೇಳಿದಾಗ, ಆ ಪ್ರಶ್ನೆ ನನಗೆ ಬೇರೆ ಕಡೆ ಹೋಗಿ ನಾಟುತ್ತಿತ್ತು.

ಗುರುವಾರ ಅವ್ವನ ಆ ಲಿಂಗವನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುಬ್ಬಿಗೆ ಹೋಗಿದ್ದೆ. ಕೃತಿಕಾ ಎದ್ದು ಮೇಲೆ ಬಂದ ಮೇಲೆ, ಗುಂಡಿ ಮುಚ್ಚುವ ಮುಂಚೆ, ಬಗ್ಗಿ ಲಿಂಗವನ್ನು ಪತ್ರೆಯ ಮೇಲೆ ಇಟ್ಟೆ. ನಿಂಗಮ್ಮ ನೋಡಿದರು. ‘ನಿಮ್ಮವ್ವನ ಹೆಸ್ರೇನು?’ ಅಂದರು. ಸಿದ್ದಗಂಗಮ್ಮ ಅಂದೆ. ಆ ಹೆಸರು ಹೇಳಿ ಮೊದಲ ಹಿಡಿ ಮಣ್ಣು ಅವರೇ ಹಾಕಿದರು.

ಹೊಂಗೆ ಮರದ ಪಕ್ಕ. ನೀನು ಬಂದರೆ ಇಬ್ಬರೂ ಹೋಗಿ ದೀಪ ಹಚ್ಚಿ ಬರೋಣ. ಯಾರ ಗದ್ದುಗೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಗಂಗಮ್ಮನದು ಅಂತ ಬಳಗದವರು ಆಗಲೇ ನಾಲ್ಕು ಕಲ್ಲು ಇಟ್ಟು ಹೂವು ಹಾಕುತ್ತಿದ್ದಾರೆ.